ಒಂದು ಮಳೆಗಾಲ ಕಾದ ನೆಲಮಾಳಿಗೆ: ಒಂದು ಪ್ರಕರಣ ಅಧ್ಯಯನ

ಮೊದಲ ಭೇಟಿಯಲ್ಲೇ ಮನೆಯೊಡತಿ ಒಂದು ಕಡತ ಕೈಗಿಟ್ಟರು. ತುಂಬ ಬಣ್ಣದ ಚಿತ್ರಗಳು: ಮರದ ನೆಲ, ಗೋಡೆಯಗಲದ ಪರದೆ, ಮೂಲೆಯಲ್ಲೊಂದು ಮಂಚ, ಸೀಲಿಂಗ್ ತುಂಬ ಚುಕ್ಕಿ ದೀಪಗಳು. "ಇಷ್ಟೂ ಕೆಳಗೆ ಬರಬೇಕು ಸರ್. ಮಳೆ ಹಿಡಿಯೋದರೊಳಗೆ ಮುಗಿಸಿಕೊಡ್ತೀರಾ?" ಎಂದು ಕೇಳಿದರು.

ಕೆಳಗಿಳಿದೆ. ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಹಿಂಬದಿಯ ಮೂಲೆಯಲ್ಲಿ, ನೆಲದಿಂದ ಮೊಣಕಾಲೆತ್ತರದವರೆಗೆ ಗೋಡೆ ಬೆಳ್ಳಗೆ ಉಪ್ಪು ಕಕ್ಕಿತ್ತು. ಕೈಯಲ್ಲಿ ಉಜ್ಜಿದರೆ ಹುಡಿ ಉದುರಿತು. ಕಾಂಕ್ರೀಟಿನೊಳಗೆ ನೀರು ಹರಿದು, ಹೊರಗೆ ಬಂದು ಆರಿದಾಗ ಅದು ಹೊತ್ತು ತಂದ ಲವಣ ಹೀಗೆ ಮೇಲ್ಮೈಯಲ್ಲಿ ಉಳಿಯುತ್ತದೆ. ಅಂದರೆ ಇದು ಇವತ್ತಿನ ನೀರಲ್ಲ, ಹಿಂದೆ ಬಂದು ಹೋದ ನೀರಿನ ರಶೀದಿ. ಮುಂದೆಯೂ ಬರುತ್ತದೆ.

"ಮಳೆ ಮುಗಿದ ಮೇಲೆ ಶುರು ಮಾಡೋಣ" ಎಂದೆ. ಗಂಡಹೆಂಡತಿ ಇಬ್ಬರ ಮುಖವೂ ಸಪ್ಪಗಾಯಿತು. ಅವರು ಅದಾಗಲೇ ಬೇರೊಬ್ಬರನ್ನು ಕರೆಸಿದ್ದರು. ಬಂದವರು ಒಳಗಿನಿಂದ ನೀರು ತಡೆಯುವ ಬಣ್ಣ ಬಳಿದು, ಅದರ ಮೇಲೆ ಹಲಗೆ ಹೊಡೆದು, ಆರು ವಾರದಲ್ಲಿ ಕೊಡುತ್ತೇನೆ ಎಂದಿದ್ದರಂತೆ. ನನ್ನ ಮಾತು ಒಪ್ಪಲು ಗಂಡಹೆಂಡತಿಗೆ ಹದಿನೈದು ದಿನ ಬೇಕಾಯಿತು. ಆ ಕಾಯುವಿಕೆ ಏನೇನು ತೋರಿಸಿತು, ಕಡತದ ಚಿತ್ರಗಳು ಅದರಿಂದ ಹೇಗೆ ಬದಲಾದವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದ್ದದ್ದು, ಬೇಕಾದದ್ದು

ನೆಲಮಾಳಿಗೆ ಒಳಗಿನ ಅಳತೆಯಲ್ಲಿ 30 ಅಡಿ ಉದ್ದ, 25 ಅಡಿ ಅಗಲ. ನೆಲದಿಂದ ಮೇಲಿನ ಸ್ಲ್ಯಾಬಿನ ತಳಕ್ಕೆ 8 ಅಡಿ 4 ಇಂಚು. ನಡುವೆ ಅಡ್ಡಲಾಗಿ ಒಂದು ಕಾಂಕ್ರೀಟು ತೊಲೆ, ಅದರ ಕೆಳಗೆ 7 ಅಡಿ 2 ಇಂಚು ಮಾತ್ರ. ಹೊರಗಿನ ನೆಲದ ಮಟ್ಟ ಒಳಗಿನಿಂದ ಅಳೆದರೆ 80 ಇಂಚು ಎತ್ತರದಲ್ಲಿತ್ತು. ಉಳಿದ ಇಪ್ಪತ್ತು ಇಂಚಿನ ಪಟ್ಟಿಯಲ್ಲಿ ಒಂದೊಂದು ಅಡಿ ಎತ್ತರದ ಎರಡು ಕಿರುಗಿಟಕಿ, ಎರಡೂ ಮುಂಬದಿಯ ಗೋಡೆಯಲ್ಲಿ. ಮೆಟ್ಟಿಲು ನಡುಮಧ್ಯೆ ಇಳಿಯುತ್ತಿತ್ತು, ಎರಡೂ ಪಕ್ಕ ಗೋಡೆ ಕಟ್ಟಿದ್ದರಿಂದ ಬಾವಿಗೆ ಇಳಿದಂತಿತ್ತು.

ಮನೆಯಲ್ಲಿ ಐದು ಜನ. ಮನೆಯೊಡತಿಗೆ ಮನೆಯಿಂದಲೇ ಕೆಲಸ, ದಿನಕ್ಕೆ ಎಂಟು ಗಂಟೆ ಕೂರಲು ಒಂದು ಜಾಗ ಬೇಕು. ಯಜಮಾನರಿಗೆ ಸಿನಿಮಾ ನೋಡುವ ಕೋಣೆ. ಹದಿನೇಳರ ಮಗ ಡ್ರಮ್ಸ್ ಬಾರಿಸುತ್ತಾನೆ, ತನ್ನ ಮಲಗುವ ಕೋಣೆಯನ್ನೂ ಕೆಳಗೇ ಮಾಡಿಕೊಡಿ ಎನ್ನುತ್ತಿದ್ದ. ಹತ್ತು ವರ್ಷದ ಮಗಳಿಗೆ ಆಡಲು ಜಾಗವಿದ್ದರೆ ಸಾಕು. ಅಜ್ಜಿ ಮಾತ್ರ, "ನನಗೇನೂ ಬೇಡಪ್ಪ, ಈ ಮೆಟ್ಟಿಲು ಇಳಿಯೋಕೆ ಮಂಡಿ ಕೇಳಲ್ಲ. ಆದ್ರೆ ಹುಡುಗ ಅಲ್ಲಿ ಮಲಗಿದಾಗ ಮೇಲೆ ಏನಾದ್ರೂ ಆದ್ರೆ ಅವನು ಹೇಗೆ ಹೊರಗೆ ಬರ್ತಾನೆ?" ಎಂದು ಕೇಳಿದರು. ಕಡತದ ಅಷ್ಟೂ ಚಿತ್ರಗಳಲ್ಲಿ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ನಕ್ಷೆ ಬರೆಯುವ ಮುನ್ನ ಮಾಡಿದ ಮೊದಲ ಕೆಲಸ, ಆ ಜಾಗವನ್ನು ವಾಸಕ್ಕೆ ಬಳಸಲು ಅನುಮತಿ ಸಿಗುತ್ತದೆಯೇ ಎಂದು ವಿಚಾರಿಸಿದ್ದು. ಎಷ್ಟೋ ಕಡೆ ನೆಲಮಾಳಿಗೆಗೆ ವಾಹನ ನಿಲುಗಡೆ ಅಥವಾ ಸಾಮಾನಿನ ಕೋಣೆ ಎಂದಷ್ಟೇ ಮಂಜೂರಾತಿ ಇರುತ್ತದೆ. ಇಲ್ಲಿ ಅನುಮತಿ ಸಿಕ್ಕಿತು, ಮಲಗುವ ಕೋಣೆಗೆ ಹೊರದಾರಿ ಇರಬೇಕೆಂಬ ಷರತ್ತಿನ ಮೇಲೆ. ಅಜ್ಜಿ ಕೇಳಿದ್ದೂ ಅದನ್ನೇ.

ಮೂರು ದಾರಿಯ ನೀರು

ಮಳೆಗಾಲದುದ್ದಕ್ಕೂ ಯಜಮಾನರು ಪ್ರತಿ ಮಳೆಯ ಮಾರನೆಯ ಬೆಳಗ್ಗೆ ಕೆಳಗಿಳಿದು, ಒದ್ದೆಯಾದ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು ತಾರೀಖು ಬರೆದರು. ನಾನು ಹೇಳಿದ್ದು ಇಷ್ಟೇ. ಅವರು ಒಂದು ದಿನವೂ ತಪ್ಪಿಸಲಿಲ್ಲ. ಆ ಗೆರೆಗಳಿಲ್ಲದೆ ಮುಂದಿನ ಯಾವ ತೀರ್ಮಾನವೂ ಸಾಧ್ಯವಿರಲಿಲ್ಲ.

ಹಿಂಬದಿಯ ಮೂಲೆ ಎಂಥ ಸಣ್ಣ ಮಳೆಗೂ ಒದ್ದೆ. ಎಲ್ಲರ ಅನುಮಾನ ಗೋಡೆಯ ಮೇಲೆ. ಆದರೆ ಹೊರಗೆ ಹೋಗಿ ನೋಡಿದರೆ ಕಾರಣ ಕಣ್ಣಿಗೆ ಕಟ್ಟುವಂತಿತ್ತು. ಅರ್ಧ ಚಾವಣಿಯ ನೀರು ಇಳಿಯುವ ಪೈಪು ಅದೇ ಮೂಲೆಯಲ್ಲಿ ಪಾಯದ ಪಕ್ಕಕ್ಕೇ ಸುರಿಯುತ್ತಿತ್ತು, ಅಲ್ಲಿನ ಮಣ್ಣು ಕುಸಿದು ವಾಟ ಮನೆಯ ಕಡೆಗೇ ತಿರುಗಿತ್ತು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಆ ಪೈಪಿಗೆ ಬರುವ ಚಾವಣಿ ಸುಮಾರು 40 ಚದರ ಮೀಟರ್. 50 ಮಿಲಿಮೀಟರಿನ ಒಂದು ಒಳ್ಳೆಯ ಮಳೆಗೆ ಎರಡು ಸಾವಿರ ಲೀಟರ್ ನೀರನ್ನು ಆ ಮೂಲೆಗೆ ನಾವೇ ಹೊಯ್ಯುತ್ತಿದ್ದೆವು. ಪೈಪನ್ನು ಹತ್ತು ಅಡಿ ಆಚೆಗೆ ಒಯ್ದೆವು, ಮಣ್ಣು ತುಂಬಿ ಮೊದಲ ಹತ್ತು ಅಡಿಯಲ್ಲಿ ಆರು ಇಂಚು ಇಳಿಯುವಂತೆ ಹೊರಮುಖದ ವಾಟ ಕೊಟ್ಟೆವು. ಮೇಸ್ತ್ರಿಯೂ ಇಬ್ಬರು ಆಳುಗಳೂ ಸೇರಿ ಎರಡು ದಿನದ ಕೆಲಸ. ಮುಂದಿನ ಮಳೆಗೆ ಆ ಮೂಲೆಯಲ್ಲಿ ಸೀಮೆಸುಣ್ಣಕ್ಕೆ ಕೆಲಸವಿರಲಿಲ್ಲ.

ಬಲಬದಿಯ ಗೋಡೆಯ ಕತೆ ಬೇರೆ. ಅಲ್ಲಿ ಮೊದಲ ಮಳೆಗಳಿಗೆ ಏನೂ ಇಲ್ಲ. ಒಂದು ವಾರ ಬಿಡದೆ ಸುರಿದ ಮೇಲೆ ಗೋಡೆಯೂ ನೆಲವೂ ಕೂಡುವ ಸಂದಿನಲ್ಲಿ ನೀರು ಜಿನುಗಲು ಶುರುವಾಗಿ, ಮಳೆ ನಿಂತು ಮೂರು ದಿನವಾದರೂ ನಿಲ್ಲಲಿಲ್ಲ. ಅದು ಮೇಲಿಂದ ಬಂದ ನೀರಲ್ಲ, ಕೆಳಗಿನಿಂದ ಏರಿದ್ದು. ಮಣ್ಣೊಳಗೆ ನೀರಿನ ಮಟ್ಟ ಒಂದು ಮೀಟರ್ ಏರಿದರೆ ಆ ಆಳದಲ್ಲಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು ಒಂದು ಟನ್ ಭಾರದಷ್ಟು ಒತ್ತಡ ಬೀಳುತ್ತದೆ. ಒಳಗಿನಿಂದ ಬಳಿದ ಬಣ್ಣವನ್ನು ಆ ಒತ್ತಡ ಹಿಂದಿನಿಂದ ತಳ್ಳುತ್ತದೆ. ಗುಳ್ಳೆ ಏಳುವುದು, ಸಿಪ್ಪೆ ಸುಲಿಯುವುದು ಅದಕ್ಕೇ. ಇಂಥ ನೀರನ್ನು ತಡೆದು ಗೆಲ್ಲುವುದು ಕಷ್ಟ, ದಾರಿ ಮಾಡಿ ಕಳಿಸುವುದೇ ಸರಿ. ಪಾಯದ ಅಡಿ ಸಡಿಲವಾಗದಂತೆ, ಗೋಡೆಗುಂಟ ಒಳನೆಲವನ್ನು ಒಂದಡಿ ಅಗಲ ಕತ್ತರಿಸಿ, ಜಲ್ಲಿಯ ನಡುವೆ ತೂತಿನ ಪೈಪು ಕೂರಿಸಿ, ಮೂಲೆಯ ಗುಂಡಿಗೆ ವಾಟ ಕೊಟ್ಟೆವು. ಗುಂಡಿಯಲ್ಲಿ ತಾನಾಗಿ ಶುರುವಾಗುವ ಪಂಪು. ಜೊತೆಗೆ ಬ್ಯಾಟರಿಯಿಂದ ಓಡುವ ಇನ್ನೊಂದು ಪಂಪು, ಏಕೆಂದರೆ ಜೋರು ಮಳೆ ಬರುವುದೂ ಕರೆಂಟು ಹೋಗುವುದೂ ಒಂದೇ ರಾತ್ರಿ.

ನೆಲ ಹೇಗೂ ತೆರೆದಿತ್ತು. ಆಗಲೇ ಸ್ಲ್ಯಾಬಿನ ಅಡಿಯಿಂದ ಚಾವಣಿಯಾಚೆಗೆ ಒಂದು ಗಾಳಿಕೊಳವೆಯನ್ನೂ ಎಳೆದೆವು. ಮಣ್ಣಿನಲ್ಲಿರುವ ಯುರೇನಿಯಂ ಕ್ಷಯಿಸುತ್ತ ಹುಟ್ಟುವ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನೆಲದ ಬಿರುಕುಗಳಿಂದ ಒಳಬಂದು ಕೆಳಗಿನ ಕೋಣೆಗಳಲ್ಲೇ ಹೆಚ್ಚು ಸೇರಿಕೊಳ್ಳುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುವ ಮಟ್ಟ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣದ ಅಳತೆ). ಮೂರು ತಿಂಗಳು ಅಳೆಯುವ ಉಪಕರಣ ಇಟ್ಟೆವು, ಇಲ್ಲಿ ಮಟ್ಟ ಅದಕ್ಕಿಂತ ಕೆಳಗಿತ್ತು. ಮುಂದೆಂದಾದರೂ ಏರಿದರೆ ಕೊಳವೆಗೊಂದು ಫ್ಯಾನು ಜೋಡಿಸಿದರಾಯಿತು. ನೆಲ ಮುಚ್ಚಿದ ಮೇಲೆ ಇದೇ ಕೆಲಸಕ್ಕೆ ಮತ್ತೆ ಎಲ್ಲವನ್ನೂ ಒಡೆಯಬೇಕಾಗುತ್ತಿತ್ತು.

ಮೂರನೆಯ ನೀರು ಎಲ್ಲರನ್ನೂ ಗೊಂದಲಕ್ಕೆ ಕೆಡವಿತು. ಮಳೆ ಬಿಟ್ಟು ಬಿಸಿಲು ಕಾದ ದಿನಗಳಲ್ಲಿ ಎಡಗೋಡೆ ಒದ್ದೆ. "ಗಾಳಿಯಾಡಲಿ ಅಂತ ಕಿಟಕಿ ತೆಗೆದಿಟ್ಟಿದ್ದೆ, ಆದ್ರೂ ಹೀಗಾಗಿದೆ" ಎಂದು ಮನೆಯೊಡತಿ ಫೋನು ಮಾಡಿದರು. ಒಂದೂವರೆ ಅಡಿ ಚದರದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪು ಒತ್ತಿ ಎರಡು ದಿನ ಬಿಡಲು ಹೇಳಿದೆ. ಹಾಳೆಯ ಹಿಂದೆ ಹನಿ ಕಟ್ಟಿದರೆ ನೀರು ಗೋಡೆಯಿಂದ ಬರುತ್ತಿದೆ, ಮುಂದೆ ಕಟ್ಟಿದರೆ ಕೋಣೆಯ ಗಾಳಿಯಿಂದ. ಹನಿ ಮುಂದೆ ಕಟ್ಟಿತ್ತು. ಗೋಡೆ ಸೋರುತ್ತಿರಲಿಲ್ಲ, ಬೆವರುತ್ತಿತ್ತು.

ಇದರ ಲೆಕ್ಕ ಸರಳ. ಹೊರಗೆ 30 ಡಿಗ್ರಿ ಬಿಸಿ, 70 ಶೇಕಡಾ ತೇವ ಇದ್ದರೆ ಆ ಗಾಳಿ ಸುಮಾರು 24 ಡಿಗ್ರಿಗೆ ತಣಿದೊಡನೆ ನೀರಾಗತೊಡಗುತ್ತದೆ. ಮಣ್ಣಿಗೆ ಒರಗಿದ ಗೋಡೆ 21 ಡಿಗ್ರಿಯಲ್ಲಿತ್ತು. ತೆರೆದ ಕಿಟಕಿಯಿಂದ ಬಂದ ಗಾಳಿ ಗೋಡೆಯನ್ನು ಒಣಗಿಸುವ ಬದಲು ಅದಕ್ಕೆ ನೀರುಣಿಸುತ್ತಿತ್ತು. ನೆಲಮಾಳಿಗೆಗೆ ಗಾಳಿ ಬೇಕು ನಿಜ, ಆದರೆ ಯಾವ ದಿನದ ಗಾಳಿ ಎಂಬುದೂ ಅಷ್ಟೇ ಮುಖ್ಯ. ಅಲ್ಲಿಂದ ಮುಂದೆ ಒಂದು ತೇವಮಾಪಕ ಗೋಡೆಗೆ ಬಂತು. ಐವತ್ತರ ಆಸುಪಾಸಿನಲ್ಲಿರಬೇಕು, ಅರವತ್ತು ದಾಟಬಾರದು, ದಾಟಿದರೆ ತೇವ ಹೀರುವ ಯಂತ್ರ ಓಡಬೇಕು ಎಂಬ ನಿಯಮವೂ ಬಂತು.

ಆರು ವಾರದ ಯೋಜನೆಯನ್ನೇ ಅವರು ಒಪ್ಪಿದ್ದರೆ ಈ ಮೂರೂ ನೀರು ಹಲಗೆಯ ಹಿಂದೆ ಸೇರಿಕೊಳ್ಳುತ್ತಿದ್ದವು. ಒದ್ದೆಯಾದ ಜಿಪ್ಸಮ್ ಬೋರ್ಡನ್ನು ಒಂದೆರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಹಲಗೆಯ ಹಿಂದೆ ಅದನ್ನು ಕಾಣುವವರು ಯಾರು?

ತೊಲೆ ಇದ್ದಲ್ಲಿ ಗೋಡೆ ಬರಲಿ

ಈಗ ನಕ್ಷೆ. ನೆಲಮಾಳಿಗೆಯ ವಿನ್ಯಾಸದಲ್ಲಿ ಎತ್ತರವೆಂಬುದು ಒಂದೊಂದು ಇಂಚನ್ನೂ ಎಣಿಸಿ ಖರ್ಚು ಮಾಡಬೇಕಾದ ವಸ್ತು. ಕಡತದಲ್ಲಿದ್ದ ಮರದ ನೆಲಕ್ಕೆ ಅಡಿಪಟ್ಟಿ ಸೇರಿ ಮೂರೂವರೆ ಇಂಚು ಬೇಕಿತ್ತು. ಹಾಗೆ ಮಾಡಿದರೆ ತೊಲೆಯ ಕೆಳಗೆ ಉಳಿಯುವುದು 6 ಅಡಿ ಹತ್ತೂವರೆ ಇಂಚು. ಮರ ತೇವಕ್ಕೆ ಉಬ್ಬುತ್ತದೆ ಎಂಬುದು ಇನ್ನೊಂದು ಮಾತು. ಬದಲಿಗೆ ಕಾಂಕ್ರೀಟಿನ ಮೇಲೆ ಗುಬುಟು ಗುಬುಟಾದ ಪ್ಲಾಸ್ಟಿಕ್ ಹಾಸು ಹಾಕಿದೆವು. ಅದರಡಿಯ ಸಂದಿನಲ್ಲಿ ತೇವ ಆಡಿಕೊಂಡು ಹೋಗುತ್ತದೆ. ಮೇಲೆ ಒಂದಕ್ಕೊಂದು ಸಿಕ್ಕಿಸುವ ವಿನೈಲ್ ಪಟ್ಟಿ. ಒಟ್ಟು ಒಂದೇ ಇಂಚಿನಲ್ಲಿ ನೆಲ ಮುಗಿಯಿತು.

ತೊಲೆಯ ವಿಷಯದಲ್ಲಿ ಯಜಮಾನರಿಗೆ ಅಗೆಯುವ ಆಸೆಯಿತ್ತು, ನೆಲವನ್ನೇ ಒಂದಡಿ ಕೆಳಗಿಳಿಸೋಣ ಎಂದು. ಪಾಯದ ಅಡಿಯವರೆಗೆ ಅಗೆಯುವುದೆಂದರೆ ಇಡೀ ಮನೆಯ ಭಾರವನ್ನು ತುಂಡು ತುಂಡಾಗಿ ಹೊಸ ಪಾಯಕ್ಕೆ ವರ್ಗಾಯಿಸುವುದು. ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಕೂತು ನೋಡಿದೆವು. ಒಂದಡಿಗಾಗಿ ಅಷ್ಟು ಅಪಾಯ ಬೇಡವೆನಿಸಿತು. ಎತ್ತರದ ಪ್ರಶ್ನೆಯನ್ನು ನಕ್ಷೆಯೇ ಬಗೆಹರಿಸಿತು: ಒಳಗೋಡೆಯನ್ನು ತೊಲೆಯ ನೇರ ಕೆಳಗೇ ಎಬ್ಬಿಸಿದೆವು. ಈಗ ಅದರಡಿ ನಡೆಯುವ ಪ್ರಸಂಗ ಬರುವುದು ಬಾಗಿಲಲ್ಲಿ ಮಾತ್ರ. ಬಾಗಿಲು ಹೇಗೂ 6 ಅಡಿ 8 ಇಂಚೇ ಇರುವುದರಿಂದ ಅದನ್ನು ದಾಟುವಾಗ ಯಾರಿಗೂ ತಲೆ ತಗ್ಗಿಸಬೇಕು ಎನಿಸುವುದಿಲ್ಲ. ಪೈಪುಗಳೂ ಗಾಳಿಯ ಡಕ್ಟೂ ತೊಲೆಯ ಪಕ್ಕಕ್ಕೆ ಅಂಟಿಕೊಂಡು ಸೋಫಾ, ಕಪಾಟುಗಳ ಮೇಲೆ ಹಾದುಹೋದವು. ಕೂರುವ ಜಾಗದ ಮೇಲೆ ಸೀಲಿಂಗ್ ತಗ್ಗಿದ್ದರೆ ತೊಂದರೆಯೇನಿಲ್ಲ, ಅದೊಂದು ಬೆಚ್ಚನೆಯ ಭಾವ ಕೊಡುತ್ತದೆ. ನಡೆದಾಡುವಲ್ಲಿ ಮಾತ್ರ ಎತ್ತರ ಬೇಕು.

ಒಳಗೋಡೆ ಬಂದ ಮೇಲೆ ಜಾಗ ತಾನಾಗಿ ಎರಡಾಯಿತು: ಬೆಳಕು ಸಿಗುವ ಮುಂಭಾಗ, ಸಿಗದ ಹಿಂಭಾಗ. ಹಗಲು ಕೂರುವ ಮೇಜು, ಮಗನ ಕೋಣೆ, ಮಗಳ ಆಟ ಮುಂದೆ. ಸಿನಿಮಾ, ಡ್ರಮ್ಸ್, ಸಾಮಾನು, ಶೌಚಾಲಯ ಹಿಂದೆ. ಕತ್ತಲೆ ಬೇಡುವ ಕೋಣೆಗೆ ಕಿಟಕಿ ಕೊಟ್ಟು, ಬೆಳಕು ಬೇಡುವವರನ್ನು ಮೂಲೆಗೆ ತಳ್ಳುವ ನಕ್ಷೆಗಳನ್ನು ನಾನು ಬಹಳ ಕಂಡಿದ್ದೇನೆ. ಕಡತದ ಚಿತ್ರದಲ್ಲೂ ಮಂಚ ಒಳಮೂಲೆಯಲ್ಲೇ ಇತ್ತು. ಮೆಟ್ಟಿಲ ಒಂದು ಪಕ್ಕದ ಗೋಡೆ ಭಾರ ಹೊರುತ್ತಿರಲಿಲ್ಲ. ಅದನ್ನು ತೆಗೆದು ಹಿಡಿದುಕೊಳ್ಳಲು ಕಂಬಿ ಮಾತ್ರ ಇಟ್ಟೆವು. ಮೇಲಿನ ಅಂಗಳದ ಬೆಳಕು ಈಗ ಮೆಟ್ಟಿಲಿಗುಂಟ ಇಳಿಯುತ್ತದೆ.

ಅಜ್ಜಿಯ ಪ್ರಶ್ನೆಗೆ ಸಿಕ್ಕ ಕಿಟಕಿ

ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ ಇದು. ಹಲವೆಡೆ ಮಾದರಿಯಾಗಿ ಬಳಸುವ ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಎಂಬ ಮನೆ ಕಟ್ಟುವ ನಿಯಮಾವಳಿಯ ಪ್ರಕಾರ ಮಲಗುವ ಕೋಣೆಯಿಂದ ಪಾರಾಗುವ ಕಿಟಕಿ ತೆರೆದಾಗ ಕನಿಷ್ಠ 5.7 ಚದರ ಅಡಿ ಖಾಲಿ ಜಾಗ ಸಿಗಬೇಕು, ಅಗಲ 20 ಇಂಚಿಗೆ, ಎತ್ತರ 24 ಇಂಚಿಗೆ ಕಡಿಮೆಯಿರಬಾರದು, ಕಿಟಕಿಯ ಕೆಳಅಂಚು ನೆಲದಿಂದ 44 ಇಂಚು ಮೀರಬಾರದು. ಇಲ್ಲಿ ಹಲವರು ಎಡವುತ್ತಾರೆ. 20ನ್ನು 24ರಿಂದ ಗುಣಿಸಿದರೆ ಸಿಗುವುದು ಬರೀ 3.3 ಚದರ ಅಡಿ. ಎರಡು ಕನಿಷ್ಠಗಳನ್ನು ಸೇರಿಸಿದರೆ ನಿಯಮ ಪಾಲಿಸಿದಂತಾಗುವುದಿಲ್ಲ.

ಮುಂಬದಿಯ ಒಂದು ಕಿರುಗಿಟಕಿಯನ್ನು ಹಾಗೆಯೇ ಕೆಳಕ್ಕೆ ಬೆಳೆಸಿದೆವು. ಎಂಜಿನಿಯರ್ ಕೊಟ್ಟ ವಿವರದಂತೆ ಗೋಡೆ ಕತ್ತರಿಸಿ, ಮೇಲೆ ಲಿಂಟಲ್ ಕೂರಿಸಿ, ಕೆಳಅಂಚು 40 ಇಂಚಿಗೆ ಬರುವಂತೆ ಮಾಡಿದೆವು. ಕೆಳಗಿನ ಭಾಗ ಬಾಗಿಲಿನಂತೆ ಪಕ್ಕಕ್ಕೆ ತೆರೆಯುತ್ತದೆ, 30 ಇಂಚು ಅಗಲ, 40 ಇಂಚು ಎತ್ತರ, ಅಂದರೆ ಎಂಟು ಚದರ ಅಡಿಗೂ ಮೇಲೆ. ಮೇಲಿನ ಭಾಗ ತೆರೆಯದ ಗಾಜು.

ಹೊರಗೆ ಮಣ್ಣು ತಡೆಯಲು ಬಾವಿಯಂಥ ಗುಂಡಿ ಬೇಕು. ಸಾಮಾನ್ಯವಾಗಿ ಅಲ್ಲಿ ತಗಡಿನ ಅರ್ಧವೃತ್ತ ಕೂರಿಸಿ ಕಬ್ಬಿಣದ ಏಣಿ ಬಡಿಯುತ್ತಾರೆ. ಒಳಗೆ ಕೂತವರಿಗೆ ಹಗಲೆಲ್ಲ ತಗಡೇ ನೋಟ. ನಾವು ಗುಂಡಿಯ ತಳವನ್ನು ಮೂರಡಿ ಬಿಟ್ಟು, ಆಚೆಯ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಿದೆವು. ಮಗ ತುಳಿದು ಹತ್ತಬೇಕಾದ ಮೆಟ್ಟಿಲುಗಳು ಒಂದು ಪಕ್ಕ, ಗಿಡ ನೆಡುವ ಪಾತಿಗಳು ಇನ್ನೊಂದು ಪಕ್ಕ. ಗೋಡೆ ಹಿಂದೆ ಸರಿದಷ್ಟೂ ಆಕಾಶ ಹೆಚ್ಚು ಕಾಣುತ್ತದೆ, ಬೆಳಕು ಕೋಣೆಯೊಳಗೆ ಹೆಚ್ಚು ದೂರ ನುಗ್ಗುತ್ತದೆ. ಮೆಟ್ಟಿಲ ಮುಖಕ್ಕೆ ಬಿಳಿ ಬಣ್ಣ. ತಳದಲ್ಲಿ ಜಲ್ಲಿ, ಅದರಡಿಯಿಂದ ನೀರು ಒಳಗಿನ ಪಂಪಿನ ಗುಂಡಿಗೆ. ಕಿಟಕಿ ಕೂರಿಸಿದ ಸಂಜೆ ಅಜ್ಜಿ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು, "ಎಲ್ಲಿ, ಹತ್ತಿ ಬಾ ನೋಡೋಣ" ಎಂದು ಮೊಮ್ಮಗನನ್ನು ಒಳಗಿನಿಂದ ಹೊರಗೆ ಬರಿಸಿದರು. ಎರಡನೆಯ ಸಲ ದೀಪ ಆರಿಸಿ ಬರಿಸಿದರು.

ಅದೇ ಎಚ್ಚರದ ಉಳಿದ ಕೆಲಸಗಳು: ಮೇಲೆ ಕೆಳಗೆ ಒಟ್ಟಿಗೆ ಕೂಗುವ ಹೊಗೆ ಅಲಾರಂ, ಇಂಗಾಲದ ಮಾನಾಕ್ಸೈಡ್ ಗುರುತಿಸುವ ಯಂತ್ರ, ಅಡುಗೆ ಅನಿಲದ ಸಿಲಿಂಡರಿಗೆ ಕೆಳಗೆ ಪ್ರವೇಶವಿಲ್ಲ ಎಂಬ ಕಟ್ಟಪ್ಪಣೆ. ಆ ಅನಿಲ ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲೇ ಮಡುಗಟ್ಟುತ್ತದೆ.

ಬಣ್ಣ, ಬೆಳಕು, ಸದ್ದು

ಕತ್ತಲೆ ಕೋಣೆಗೆ ಬಿಳಿ ಬಣ್ಣ ಎಂಬುದು ಎಲ್ಲರೂ ಕೊಡುವ ಸಲಹೆ. ಮಂದ ಬೆಳಕಿನಲ್ಲಿ ಬಿಳಿ ಬೂದಿಯಂತೆ ಕಾಣುತ್ತದೆ. ಪ್ರತಿಫಲಿಸಲು ಬೆಳಕೇ ಇಲ್ಲದಲ್ಲಿ ಬಿಳಿ ಏನು ಮಾಡೀತು? ಕಿಟಕಿಯ ಆಸುಪಾಸಿನ ಗೋಡೆಗಳಿಗೆ ಬಿಳಿ ಬಳಿದು, ಹಿಂಭಾಗಕ್ಕೆ ಇಟ್ಟಿಗೆಯ, ಸಾಸಿವೆಯ ಬಣ್ಣ ಆರಿಸಿದೆವು. ಚುಕ್ಕಿ ದೀಪಗಳನ್ನು ಅರ್ಧಕ್ಕರ್ಧ ಕೈಬಿಟ್ಟೆವು. ಅವು ನೆಲ ಬೆಳಗಿಸಿ ಗೋಡೆಯನ್ನು ಕತ್ತಲಲ್ಲಿ ಬಿಡುತ್ತವೆ. ಗೋಡೆ ಕತ್ತಲಾದರೆ ಕೋಣೆ ಕಿರಿದಾಗುತ್ತದೆ. ಬದಲಿಗೆ ಗೋಡೆಯ ಮೇಲೆ ಮೇಲಿಂದ ಬೆಳಕು ಜಾರುವಂಥ ಪಟ್ಟಿದೀಪ, 3000 ಕೆಲ್ವಿನ್‌ನದು, ಅಂದರೆ ಹಳದಿ ಛಾಯೆಯ ಬೆಳಕು. ಕೆಲಸದ ಮೇಜಿಗೆ ಮಾತ್ರ ಇನ್ನಷ್ಟು ಬಿಳಿಯಾದ 4000. ಮೇಜಿನ ಕೋಣೆಗೂ ಹಿಂಭಾಗಕ್ಕೂ ನಡುವಿನ ಗೋಡೆಯ ಮೇಲಂಚಿನಲ್ಲಿ ಗಾಜಿನ ಪಟ್ಟಿ ಇದೆ, ಹಗಲ ಬೆಳಕು ಸ್ವಲ್ಪ ಆಚೆಗೂ ದಾಟುತ್ತದೆ.

ಹೊರಗೋಡೆಗಳಿಗೆ ಎರಡಿಂಚಿನ ಗಟ್ಟಿ ಫೋಮ್ ಹಲಗೆಯನ್ನು ನೇರ ಕಾಂಕ್ರೀಟಿಗೇ ಅಂಟಿಸಿ, ಸಂದುಗಳಿಗೆ ಟೇಪು ಹಾಕಿ, ಅದರ ಮುಂದೆ ಲೋಹದ ಚೌಕಟ್ಟು, ಜಿಪ್ಸಮ್ ಬೋರ್ಡು. ಕೋಣೆಯ ತೇವದ ಗಾಳಿ ತಣ್ಣನೆಯ ಕಾಂಕ್ರೀಟನ್ನು ಮುಟ್ಟದಿದ್ದರೆ ಬೆವರಿಲ್ಲ. ಸುತ್ತ ಐದೈದು ಇಂಚು ಜಾಗ ಹೋಯಿತು. ಬೋರ್ಡಿನ ಕೆಳಅಂಚನ್ನು ನೆಲದಿಂದ ಅರ್ಧ ಇಂಚು ಎತ್ತಿಯೇ ನಿಲ್ಲಿಸಿದ್ದೇವೆ.

ಡ್ರಮ್ಸ್ ಕೋಣೆಗೆ ಮಗ ಮೊಟ್ಟೆಪೆಟ್ಟಿಗೆಯಂಥ ಸ್ಪಂಜು ತಂದಿಟ್ಟಿದ್ದ. ಅದು ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತದೆ, ಸದ್ದು ಹೊರಹೋಗುವುದನ್ನು ತಡೆಯುವುದಿಲ್ಲ. ಅದಕ್ಕೆ ಭಾರ ಬೇಕು, ಸಂದಿಲ್ಲದ ಮುಚ್ಚಿಗೆ ಬೇಕು, ಮತ್ತು ಎರಡು ಮೇಲ್ಮೈಗಳು ಒಂದಕ್ಕೊಂದು ನೇರ ತಾಗದಂತೆ ನಡುವೆ ಬಿಡುವು ಬೇಕು. ಎರಡು ಪದರ ಬೋರ್ಡನ್ನು ರಬ್ಬರ್ ಹಿಡಿಕೆಗಳ ಮೇಲೆ ನೇತುಹಾಕಿ, ಒಳಗೆ ಖನಿಜ ಉಣ್ಣೆ ತುಂಬಿದೆವು. ಡ್ರಮ್ಸ್‌ಗೆ ರಬ್ಬರ್ ಮೇಲೆ ಕೂತ ಪುಟ್ಟ ಜಗಲಿ. ಆದರೂ ದೊಡ್ಡ ಡ್ರಮ್ಮಿನ ಗುಡುಗು ಮೇಲೆ ಕೇಳುತ್ತದೆ. ರಾತ್ರಿ ಒಂಬತ್ತರ ಮೇಲೆ ಬಾರಿಸಬಾರದು ಎಂದು ಮನೆಯಲ್ಲಿ ಒಪ್ಪಂದವಾಗಿದೆ.

ಶೌಚಾಲಯದ ಬಗ್ಗೆ ಒಂದೇ ಮಾತು: ಹೊರಗಿನ ಒಳಚರಂಡಿ ಕೊಳವೆ ಈ ನೆಲಕ್ಕಿಂತ ಎತ್ತರದಲ್ಲಿದ್ದುದರಿಂದ ಮೇಲೆತ್ತುವ ಪಂಪೂ ಹಿಮ್ಮುಖ ಹರಿವು ತಡೆಯುವ ಕವಾಟವೂ ಬೇಕಾದವು.

ಒಂದು ವರ್ಷದ ನಂತರ

ವರ್ಷ ತುಂಬಿದಾಗ ಹೋಗಿ ಎಲ್ಲ ಕೋಣೆ ನೋಡಿದೆ. ತೇವಮಾಪಕ 52 ತೋರಿಸುತ್ತಿತ್ತು. ಆದರೆ ಸಾಮಾನಿನ ಕೋಣೆಯ ಕಪಾಟು ಸರಿಸಿದಾಗ ಅದರ ಬೆನ್ನಿಗೆ ಅಂಗೈಯಗಲ ಬೂಷ್ಟು ಹಿಡಿದಿತ್ತು. ತಪ್ಪು ನನ್ನದೇ. ಜಾಗ ಉಳಿಸಲೆಂದು ಆ ಕಪಾಟನ್ನು ಹೊರಗೋಡೆಗೆ ಒತ್ತಿ, ನೆಲಕ್ಕೆ ತಾಗಿಸಿ ನಿಲ್ಲಿಸುವಂತೆ ನಕ್ಷೆಯಲ್ಲಿ ಬರೆದಿದ್ದೆ. ಹಿಂದೆ ಗಾಳಿಯೇ ಆಡುತ್ತಿರಲಿಲ್ಲ. ಈಗ ಅದಕ್ಕೆ ಕಾಲು ಬಂದಿವೆ, ಗೋಡೆಯಿಂದ ಮೂರು ಇಂಚು ದೂರ ನಿಂತಿದೆ. ಆಮೇಲಿನ ನಕ್ಷೆಗಳಲ್ಲೆಲ್ಲ ಹೊರಗೋಡೆಗೆ ತಾಗುವ ಕಪಾಟು ನಾನು ಬರೆದಿಲ್ಲ.

ಸಿನಿಮಾ ಕೋಣೆಯ ಬಳಕೆ ಅಂದುಕೊಂಡದ್ದಕ್ಕಿಂತ ಕಡಿಮೆ. ಮನೆಯವರು ಹೆಚ್ಚು ಹೊತ್ತು ಕೂರುವುದು ಕಿಟಕಿಯ ಮುಂದಿನ ನಾಲ್ಕಡಿ ಜಾಗದಲ್ಲಿ. ಮಗಳು ಪಾತಿಗಳಿಗೆ ಒಳಗಿನಿಂದಲೇ ಕೈ ಚಾಚಿ ನೀರು ಹಾಕುತ್ತಾಳೆ.

ಹಿಂಬದಿಯ ಮೂಲೆಯಲ್ಲಿ, ಮೊದಲ ದಿನ ಉಪ್ಪು ಕಂಡ ಜಾಗದಲ್ಲಿ, ಬೋರ್ಡಿನ ಬದಲು ನಾಲ್ಕು ತಿರುಪಿನ ಒಂದು ಹಲಗೆ ಹಾಕಿದ್ದೇವೆ. ಬಿಚ್ಚಿ, ಹಿಂದಿನ ಫೋಮ್ ತುಂಡನ್ನು ಎಳೆದರೆ ಕಾಂಕ್ರೀಟು ಕಾಣುತ್ತದೆ. ಸೀಮೆಸುಣ್ಣದ ಹಳೆಯ ಗೆರೆಗಳೂ ತಾರೀಖುಗಳೂ ಅಲ್ಲಿ ಹಾಗೇ ಇವೆ. ದೊಡ್ಡ ಮಳೆ ಬಂದ ಮಾರನೆಯ ದಿನ ಮಗ ಅದನ್ನು ಬಿಚ್ಚಿ, ಕೈಯಿಟ್ಟು ನೋಡಿ, ಫೋಟೋ ತೆಗೆದು ಕಳಿಸುತ್ತಾನೆ. ಈ ವರ್ಷ ಮೂರು ಫೋಟೋ ಬಂದಿವೆ. ಮೂರರಲ್ಲೂ ಗೋಡೆ ಒಣಗಿದೆ.